ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗದ ಹಳೆಯ ಮಾರುತಿ 800: ದೋಷ ಎಲ್ಲಿದೆ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ತಂದೆಯವರು ಕೊಂಡ 1996ರ ಮಾರುತಿ 800 ಕಾರು, ಕಾರ್ಬುರೇಟರ್ ಇರುವ ಮಾದರಿ, ಮಳೆಗಾಲವಿಡೀ ಅಡಿಕೆ ಚಪ್ಪರದ ಪಕ್ಕದ ಶೆಡ್ಡಿನಲ್ಲಿ ನಿಂತಿತ್ತು. ಈಗ ಬ್ಯಾಟರಿ ಚಾರ್ಜ್ ಮಾಡಿಸಿ ಹಾಕಿದ್ದೇವೆ. ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ, ಆದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಮೊದಲ ದಿನ ಒಂದೆರಡು ಸಲ ಕೆಮ್ಮಿದಂತೆ ಸದ್ದು ಮಾಡಿ ಸುಮ್ಮನಾಯಿತು. ಎಷ್ಟು ಹೊತ್ತು ಸೆಲ್ಫ್ ಹೊಡೆದರೂ ಪೆಟ್ರೋಲ್ ವಾಸನೆ ಬರುವುದಿಲ್ಲ. ಮೇ ತಿಂಗಳಲ್ಲಿ ಹಾಕಿಸಿದ ಪೆಟ್ರೋಲ್ ಕಾಲು ಟ್ಯಾಂಕ್ ಇದೆಯೆಂದು ಮುಳ್ಳು ತೋರಿಸುತ್ತದೆ. ಕಾರ್ಬುರೇಟರ್, ಕಾಯಿಲ್, ಪೆಟ್ರೋಲ್ ಪಂಪ್ ಮೂರನ್ನೂ ಬದಲಿಸಬೇಕೆಂದು ಇಲ್ಲಿಯ ಮೆಕ್ಯಾನಿಕ್ ಹೇಳಿದ್ದಾರೆ. ಪಕ್ಕದ ಮನೆಯವರು ಕಾರ್ಬುರೇಟರ್‌ಗೆ ನೇರವಾಗಿ ಪೆಟ್ರೋಲ್ ಸುರಿದು ನೋಡೋಣ ಎನ್ನುತ್ತಾರೆ. ಏನು ಮಾಡಲಿ? ನಾನೇ ಪರೀಕ್ಷಿಸಬಹುದಾದದ್ದು ಏನಾದರೂ ಇದೆಯೇ?

ಉತ್ತರ: ಮೂರನ್ನೂ ಬದಲಿಸುವ ಕೆಲಸವನ್ನು ಸದ್ಯಕ್ಕೆ ತಡೆಯಿರಿ. ಮಳೆಗಾಲಕ್ಕೆ ಮುಂಚೆ ತಾನಾಗಿಯೇ ಓಡಿಬಂದು ಶೆಡ್ಡು ಸೇರಿದ ಕಾರಿನಲ್ಲಿ, ನಿಂತ ಜಾಗದಲ್ಲೇ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಭಾಗ), ಪಂಪ್, ಕಾರ್ಬುರೇಟರ್ ಮೂರೂ ಒಟ್ಟಿಗೆ ಕೆಡುವ ಸಂಭವ ತೀರಾ ಕಡಿಮೆ. ಅವುಗಳಲ್ಲಿ ಯಾವುದೋ ಒಂದು ಕೈಕೊಟ್ಟಿರಬಹುದು. ಅಥವಾ ಮೂರೂ ಸರಿಯಾಗಿದ್ದು, ಹಳಸಿದ ಪೆಟ್ರೋಲ್, ತೇವ, ಇಲಿ ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು. ಅಂದಾಜಿನ ಮೇಲೆ ಬಿಡಿಭಾಗಗಳನ್ನು ಬದಲಿಸುತ್ತ ಹೋದರೆ ಹಣ ಹೋಗುವುದಷ್ಟೇ ಅಲ್ಲ, ಎಲ್ಲವನ್ನೂ ಬದಲಿಸಿದ ಮೇಲೂ ಕಾರು ಸ್ಟಾರ್ಟ್ ಆಗದಿದ್ದಾಗ ಮೂಲದ ದೋಷದ ಜೊತೆಗೆ ಹೊಸ ಭಾಗಗಳ ಜೋಡಣೆಯಲ್ಲಿ ಆಗಿರಬಹುದಾದ ತಪ್ಪುಗಳನ್ನೂ ಹುಡುಕಬೇಕಾಗುತ್ತದೆ. ನಿಮ್ಮ ಕಾರಿನ ಎಂಜಿನ್ ಮೂರು ಸಿಲಿಂಡರಿನ, 796 ಸಿಸಿ ಸಾಮರ್ಥ್ಯದ ಸರಳ ಯಂತ್ರ. ಒಂದು ಪ್ಲಗ್ ಸ್ಪ್ಯಾನರ್, ಒಂದು ಟೆಸ್ಟ್ ಲ್ಯಾಂಪ್, ಒಂದು ಗಾಜಿನ ಬಾಟಲಿ ಮತ್ತು ಕೀಲಿ ತಿರುಗಿಸಲು ಇನ್ನೊಬ್ಬರು ಇದ್ದರೆ ಇದರ ಬಹುಪಾಲು ದೋಷಗಳನ್ನು ಮನೆಯಂಗಳದಲ್ಲೇ ಪತ್ತೆ ಮಾಡಬಹುದು.

ನೀವು ಬರೆದಿರುವುದರಲ್ಲಿ ಎರಡು ಮುಖ್ಯ ಸುಳಿವುಗಳಿವೆ. ಮೊದಲ ದಿನ ಎಂಜಿನ್ ಕೆಮ್ಮಿತು ಎಂದರೆ, ಆ ಕ್ಷಣದಲ್ಲಾದರೂ ಯಾವುದೋ ಒಂದು ಸಿಲಿಂಡರಿನಲ್ಲಿ ಕಿಡಿಯೂ ಹೊತ್ತಿಕೊಳ್ಳುವಷ್ಟು ಇಂಧನವೂ ಒಟ್ಟಿಗೆ ಇದ್ದವು. ಆಮೇಲೆ ಅದೂ ನಿಂತಿತು, ಪೆಟ್ರೋಲ್ ವಾಸನೆಯೂ ಇಲ್ಲ. ಕಾರ್ಬುರೇಟರ್ ಎಂಜಿನ್ನಿನಲ್ಲಿ ಕಿಡಿ ಮಾತ್ರ ಇಲ್ಲದಿದ್ದರೆ, ಚೋಕ್ ಎಳೆದು ಹತ್ತಾರು ಸೆಕೆಂಡು ಸೆಲ್ಫ್ ಹೊಡೆಯುವಷ್ಟರಲ್ಲಿ ಸೈಲೆನ್ಸರ್ ಬಾಯಲ್ಲಿಯೂ ಬಾನೆಟ್ ಕೆಳಗೂ ಪೆಟ್ರೋಲ್ ವಾಸನೆ ಗಾಢವಾಗಿ ಬರುತ್ತದೆ. ಅದು ಬರುತ್ತಿಲ್ಲವಾದ್ದರಿಂದ ನನ್ನ ಮೊದಲ ಸಂಶಯ ಇಂಧನದ ಕಡೆಗೇ ಹೋಗುತ್ತದೆ: ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಪುಟ್ಟ ತೊಟ್ಟಿಯಾದ ಬೌಲ್‌ನಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಪೆಟ್ರೋಲಿನಿಂದ ಎಂಜಿನ್ ಕೆಮ್ಮಿರಬೇಕು, ಅದು ಮುಗಿದ ಮೇಲೆ ಹೊಸದು ಬಂದಿಲ್ಲ. ಆದರೂ ಇದು ಸಂಶಯ ಮಾತ್ರ, ತೀರ್ಮಾನವಲ್ಲ. ಪೆಟ್ರೋಲ್ ಪೈಪುಗಳಿಗೆ ಕೈ ಹಾಕುವ ಮೊದಲು ಕಿಡಿಯ ಪರೀಕ್ಷೆಯನ್ನು ಮುಗಿಸಿಬಿಡಬೇಕು. ಅದಕ್ಕೆ ಹೆಚ್ಚು ಸಮಯ ಹಿಡಿಯುವುದಿಲ್ಲ, ಮತ್ತು ಪೆಟ್ರೋಲ್ ಆವಿ ಸುತ್ತ ಹರಡಿದ ಮೇಲೆ ಕಿಡಿ ಹಾರಿಸುವುದು ಅಪಾಯಕಾರಿ.

ಅದಕ್ಕೂ ಮುಂಚೆ ಸೆಲ್ಫ್ ಹೊಡೆಯುವ ಸದ್ದನ್ನು ಗಮನವಿಟ್ಟು ಕೇಳಿಸಿಕೊಳ್ಳಿ. ಆರೋಗ್ಯವಾಗಿರುವ ಎಂಜಿನ್ ತಿರುಗುವಾಗ ಒಂದೊಂದು ಸಿಲಿಂಡರ್ ಗಾಳಿಯನ್ನು ಒತ್ತಿದಾಗಲೂ ಸದ್ದು ತುಸು ಬಿಗಿಯಾಗಿ ಮತ್ತೆ ಸಡಿಲಗೊಳ್ಳುತ್ತದೆ. ಆ ಏರಿಳಿತ ಒಂದೇ ಲಯದಲ್ಲಿ ಇರಬೇಕು. ಏರಿಳಿತವೇ ಇಲ್ಲದೆ ಎಂದಿಗಿಂತ ವೇಗವಾಗಿ, ತಡೆಯಿಲ್ಲದೆ ತಿರುಗುತ್ತಿದ್ದರೆ ಟೈಮಿಂಗ್ ಬೆಲ್ಟ್ ಕಡಿದಿರುವ ಸಾಧ್ಯತೆ ಇದೆ. ನಿಧಾನವಾಗಿ ಎಳೆದಾಡುತ್ತಿದ್ದರೆ ಬ್ಯಾಟರಿಯನ್ನು ನಂಬಬೇಡಿ. ಪೂರ್ಣ ಚಾರ್ಜ್ ಆದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆಯುತ್ತಿರುವಾಗ ಅದು 9.6 ವೋಲ್ಟಿಗಿಂತ ಕೆಳಗೆ ಕುಸಿದರೆ, ಎಂಜಿನ್ ತಿರುಗಿದರೂ ಕಾಯಿಲ್‌ಗೆ ಸಾಕಷ್ಟು ವಿದ್ಯುತ್ ಸಿಗದೆ ಕಿಡಿ ದುರ್ಬಲವಾಗುತ್ತದೆ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಒಂದು ನಿಮಿಷವಾದರೂ ಬಿಡಿ. ಸ್ಟಾರ್ಟ್ ಆಗದ ಕಾರಿನಲ್ಲಿ ಸೆಲ್ಫ್ ಮೋಟಾರ್ ಸುಟ್ಟುಹೋಗುವುದು ಈ ಅವಸರದಿಂದಲೇ.

ನಂತರ ಬಾನೆಟ್ ಎತ್ತಿ, ಯಾವ ಉಪಕರಣವನ್ನೂ ಮುಟ್ಟದೆ, ಟಾರ್ಚ್ ಹಿಡಿದು ನಿಧಾನವಾಗಿ ನೋಡಿ. ಮಲೆನಾಡಿನಲ್ಲಿ ನಿಂತ ಕಾರಿಗೆ ಇಲಿಯಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಪ್ಲಗ್ ವೈರುಗಳ ಮೇಲೆ, ವಿಶೇಷವಾಗಿ ಅವು ಎಂಜಿನ್ನಿನ ಹಿಂಭಾಗಕ್ಕೆ ಬಾಗುವಲ್ಲಿ, ಹಲ್ಲಿನ ಗುರುತು ಇದೆಯೇ, ಕಾಯಿಲ್‌ಗೆ ಬರುವ ಸಣ್ಣ ವೈರು ಕಡಿದಿದೆಯೇ, ರಬ್ಬರ್ ಪೆಟ್ರೋಲ್ ಪೈಪಿನಲ್ಲಿ ತೂತಾಗಿದೆಯೇ ಎಂದು ಬೆರಳಾಡಿಸಿ ನೋಡಿ. ಏರ್ ಫಿಲ್ಟರ್ ಡಬ್ಬಿಯ ಮುಚ್ಚಳ ತೆಗೆಯಿರಿ. ಅಡಿಕೆ ಸಿಪ್ಪೆ, ಒಣಹುಲ್ಲು, ಗೋಣಿದಾರ ಸೇರಿಸಿ ಅದರೊಳಗೆ ಗೂಡು ಕಟ್ಟಿರುವುದು ಅಪರೂಪವೇನಲ್ಲ, ಮತ್ತು ಗಾಳಿಯ ದಾರಿ ಮುಚ್ಚಿದರೆ ಉಳಿದೆಲ್ಲವೂ ಸರಿಯಿದ್ದರೂ ಎಂಜಿನ್ ಹಿಡಿಯುವುದಿಲ್ಲ. ಗೂಡು ಸಿಕ್ಕರೆ ಅದನ್ನು ತೆಗೆಯುವಾಗ ಚೂರುಗಳು ಕಾರ್ಬುರೇಟರ್ ಬಾಯಿಗೆ ಬೀಳದಂತೆ ಬಟ್ಟೆ ಮುಚ್ಚಿಕೊಳ್ಳಿ. ಸೈಲೆನ್ಸರಿನ ಹಿಂದಿನ ಬಾಯಿಯನ್ನೂ ಒಮ್ಮೆ ನೋಡಿಬಿಡಿ. ಮಣ್ಣಿನ ಗೂಡು ಕಟ್ಟುವ ಕಣಜಗಳು ಅಲ್ಲಿ ಸೇರಿಕೊಂಡಿರಬಹುದು.

ಈಗ ಕಿಡಿಯ ಪರೀಕ್ಷೆ. ಒಂದು ಪ್ಲಗ್ ಬಿಚ್ಚಿ, ಅದರ ವೈರಿಗೆ ಮತ್ತೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಗಟ್ಟಿಯಾಗಿ ತಾಗುವಂತೆ ಇಟ್ಟು, ವೈರನ್ನು ಒಣಗಿದ ರಬ್ಬರ್ ಹಿಡಿಯ ಇಕ್ಕಳದಿಂದ ಹಿಡಿದುಕೊಳ್ಳಿ. ಪ್ಲಗ್ ತೆಗೆದ ತೂತಿನಿಂದ ಅದನ್ನು ದೂರ ಇಡಬೇಕು, ಏಕೆಂದರೆ ಅಲ್ಲಿಂದ ಪೆಟ್ರೋಲ್ ಆವಿ ಹೊರಬರಬಹುದು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಹತ್ತಿರ ನಿಲ್ಲಬಾರದು. ಇನ್ನೊಬ್ಬರು ಸೆಲ್ಫ್ ಹೊಡೆದಾಗ ಪ್ಲಗ್ಗಿನ ತುದಿಯಲ್ಲಿ ನೀಲಿ ಬಣ್ಣದ, ಚಟಚಟ ಸದ್ದು ಕೇಳಿಸುವ ಕಿಡಿ ಕ್ರಮವಾಗಿ ಹಾರಬೇಕು. ಹಳದಿಯಾಗಿ, ಸದ್ದಿಲ್ಲದೆ, ಬಿಟ್ಟುಬಿಟ್ಟು ಬರುವ ಕಿಡಿಯನ್ನು ಕಿಡಿ ಇದೆ ಎಂದು ಲೆಕ್ಕ ಹಾಕಬೇಡಿ. ತೆರೆದ ಗಾಳಿಯಲ್ಲಿ ಹಾರುವ ದುರ್ಬಲ ಕಿಡಿ ಸಿಲಿಂಡರಿನೊಳಗಿನ ಒತ್ತಡದಲ್ಲಿ ಹಾರದೆ ಹೋಗಬಹುದು. ಮೂರೂ ಪ್ಲಗ್ಗುಗಳಿಗೂ ಹೀಗೆಯೇ ಮಾಡಿ. ವೈರುಗಳನ್ನು ಒಂದೊಂದಾಗಿಯೇ ತೆಗೆದು ಒಂದೊಂದಾಗಿಯೇ ಹಾಕಿ. ಈ ಎಂಜಿನ್ನಿನ ಕಿಡಿಯ ಸರದಿ 1-3-2. ಮೂರನ್ನೂ ಒಟ್ಟಿಗೆ ಕಿತ್ತು ಒರೆಸಿ ಹಾಕುವಾಗ ಎರಡು ಅದಲುಬದಲಾದರೆ, ಇಲ್ಲದಿದ್ದ ಇನ್ನೊಂದು ದೋಷ ಸೇರಿಕೊಳ್ಳುತ್ತದೆ.

ಕಿಡಿ ಇಲ್ಲದಿದ್ದರೆ ಅಥವಾ ದುರ್ಬಲವಾಗಿದ್ದರೆ ಡೆಲ್ಕೊ (ಡಿಸ್ಟ್ರಿಬ್ಯೂಟರ್, ಅಂದರೆ ಕಿಡಿಯ ವಿದ್ಯುತ್ತನ್ನು ಪ್ಲಗ್ಗುಗಳಿಗೆ ಸರದಿಯಂತೆ ಹಂಚುವ ಭಾಗ) ಮುಚ್ಚಳ ತೆಗೆಯಬೇಕು. ನಿಮ್ಮ ಊರಿನ ಮಳೆಯಲ್ಲಿ ನಾಲ್ಕು ತಿಂಗಳು ನಿಂತ ಕಾರಿನ ಡೆಲ್ಕೊ ಒಳಗೆ ತೇವ ಕಟ್ಟಿರುವುದನ್ನು ನಾನು ನಿರೀಕ್ಷಿಸುತ್ತೇನೆ. ಮುಚ್ಚಳದ ಒಳಗೋಡೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ, ಒಂದು ಲೋಹದ ಗುಬ್ಬಿಯಿಂದ ಇನ್ನೊಂದಕ್ಕೆ ಪೆನ್ಸಿಲಿನಲ್ಲಿ ಗೀಚಿದಂತಹ ತೆಳು ಕಪ್ಪು ಗೆರೆ ಕಾಣಿಸಬಹುದು. ಅದು ಕೊಳೆಯಲ್ಲ. ತೇವದ ಮೇಲೆ ಹೆಚ್ಚಿನ ವೋಲ್ಟೇಜ್ ಹರಿದು ಸುಟ್ಟು ಮಾಡಿಕೊಂಡ ದಾರಿ ಅದು, ಒರೆಸಿದರೆ ಹೋಗುವುದಿಲ್ಲ, ಮುಚ್ಚಳವನ್ನೇ ಬದಲಿಸಬೇಕು. ಕಪ್ಪು ಗೆರೆಯೂ ಬಿರುಕೂ ಇಲ್ಲದಿದ್ದರೆ ಒಣ ಹತ್ತಿ ಬಟ್ಟೆಯಿಂದ ಮುಚ್ಚಳ, ಅದರ ಕೆಳಗೆ ತಿರುಗುವ ರೋಟರ್, ಕಾಯಿಲ್‌ನ ಕತ್ತು ಇವನ್ನು ಚೆನ್ನಾಗಿ ಒರೆಸಿ, ಸ್ವಲ್ಪ ಹೊತ್ತು ಬಿಸಿಲಿಗಿಟ್ಟು ಹಾಕಿದರೆ ಸಾಕು. ಮುಚ್ಚಳದ ನಡುವಿನ ಕಾರ್ಬನ್ ಕಡ್ಡಿ ಸವೆದಿಲ್ಲವೆಂದೂ ಸ್ಪ್ರಿಂಗಿನ ಮೇಲೆ ಸರಾಗವಾಗಿ ಒಳಹೊರಗೆ ಆಡುತ್ತದೆಂದೂ ಖಚಿತ ಮಾಡಿಕೊಳ್ಳಿ.

ಮುಚ್ಚಳ ತೆಗೆದಿರುವಾಗಲೇ ಇನ್ನೊಂದು ಕೆಲಸ ಮಾಡಿ: ಸೆಲ್ಫ್ ಹೊಡೆಸಿ, ರೋಟರ್ ತಿರುಗುತ್ತದೆಯೇ ನೋಡಿ. ಈ ಎಂಜಿನ್ನಿನಲ್ಲಿ ಡೆಲ್ಕೊ ತಿರುಗುವುದು ವಾಲ್ವ್‌ಗಳನ್ನು ತೆರೆಯುವ ದಂಡವಾದ ಕ್ಯಾಮ್‌ಶಾಫ್ಟ್‌ನಿಂದ, ಪೆಟ್ರೋಲ್ ಪಂಪ್ ನಡೆಯುವುದೂ ಅದರಿಂದಲೇ, ಕ್ಯಾಮ್‌ಶಾಫ್ಟ್ ತಿರುಗುವುದು ಟೈಮಿಂಗ್ ಬೆಲ್ಟಿನಿಂದ. ಆದ್ದರಿಂದ ರೋಟರ್ ಅಲ್ಲಾಡದೆ ನಿಂತಿದ್ದರೆ ಹುಡುಕಾಟ ಅಲ್ಲಿಗೇ ಮುಗಿಯಿತು, ಬೆಲ್ಟ್ ಹೋಗಿದೆ. ಕಿಡಿಯೂ ಇಲ್ಲ, ಪೆಟ್ರೋಲೂ ಬರುತ್ತಿಲ್ಲ ಎಂಬ ಎರಡು ಲಕ್ಷಣಗಳನ್ನು ಕಂಡು ಕಾಯಿಲ್ ಮತ್ತು ಪಂಪ್ ಎರಡನ್ನೂ ದೂರುವವರು ಈ ಒಂದು ನೋಟವನ್ನು ಮರೆತಿರುತ್ತಾರೆ. ನಿಮ್ಮ ಕಾರಿನ ಬೆಲ್ಟನ್ನು ಕೊನೆಯ ಸಲ ಯಾವಾಗ ಬದಲಿಸಿದ್ದು ಎಂಬ ನೆನಪು ಮನೆಯಲ್ಲಿ ಯಾರಿಗೂ ಇಲ್ಲದಿದ್ದರೆ, ರೋಟರ್ ತಿರುಗಿದರೂ ಕಾರು ಸ್ಟಾರ್ಟ್ ಆದ ಮೇಲೆ ಅದನ್ನು ಬದಲಿಸಿಬಿಡಿ.

ರೋಟರ್ ತಿರುಗುತ್ತಿದೆ, ಕಿಡಿ ಮಾತ್ರ ಇಲ್ಲ ಎಂದಾದರೆ ಡೆಲ್ಕೊ ಒಳಗೆ ಪಾಯಿಂಟ್ (ತೆರೆದು ಮುಚ್ಚಿ ಕಾಯಿಲ್‌ನ ವಿದ್ಯುತ್ತನ್ನು ಕಡಿದು ಕೊಡುವ ಸಣ್ಣ ಸಂಪರ್ಕ) ಇದೆಯೇ ಅಥವಾ ಎಲೆಕ್ಟ್ರಾನಿಕ್ ವ್ಯವಸ್ಥೆ ಇದೆಯೇ ನೋಡಿ. ಪಾಯಿಂಟ್ ಇದ್ದರೆ ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಅರ್ಥ್‌ಗೆ, ಇನ್ನೊಂದನ್ನು ಕಾಯಿಲ್‌ನ ಪ್ಲಸ್ ತುದಿಗೆ ಹಿಡಿಯಿರಿ. ಕೀಲಿ ಆನ್ ಮಾಡಿದಾಗಲೂ ಸೆಲ್ಫ್ ಹೊಡೆಯುವಾಗಲೂ ಅದು ಉರಿಯಬೇಕು. ಆನ್ ಇದ್ದಾಗ ಉರಿದು ಸೆಲ್ಫ್ ಹೊಡೆಯುವಾಗ ಆರಿದರೆ ಇಗ್ನಿಷನ್ ಸ್ವಿಚ್‌ನಲ್ಲಿ ದೋಷವಿದೆ. ಅಂತಹ ಕಾರು ಕೀಲಿಯಿಂದ ಕೈ ಬಿಡುವ ಕ್ಷಣದಲ್ಲಿ ಮಾತ್ರ ಕೆಮ್ಮುತ್ತದೆ, ನಿಮ್ಮದು ಯಾವಾಗ ಕೆಮ್ಮಿತೆಂದು ನೆನಪಿಸಿಕೊಳ್ಳಿ. ಪ್ಲಸ್ ಸರಿಯಿದ್ದರೆ ಲ್ಯಾಂಪನ್ನು ಮೈನಸ್ ತುದಿಗೆ ಹಿಡಿದು ಸೆಲ್ಫ್ ಹೊಡೆಸಿ. ಲ್ಯಾಂಪ್ ಮಿನುಗುತ್ತಿದ್ದರೆ ಪಾಯಿಂಟ್ ತೆರೆದು ಮುಚ್ಚುವ ಕೆಲಸ ಮಾಡುತ್ತಿದೆ, ದೋಷ ಕಾಯಿಲ್, ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಅಥವಾ ನಡುವಿನ ದಪ್ಪ ವೈರಿನಲ್ಲಿದೆ. ಒಂದೇ ಸಮನೆ ಉರಿದರೆ ಪಾಯಿಂಟ್ ಮುಚ್ಚಿದರೂ ವಿದ್ಯುತ್ ಹಾಯುತ್ತಿಲ್ಲ. ಉರಿಯದೇ ಇದ್ದರೆ ಪಾಯಿಂಟ್ ತೆರೆಯುತ್ತಿಲ್ಲ, ಅಥವಾ ಕಾಯಿಲ್‌ನ ಒಳಸುತ್ತು ಕಡಿದಿದೆ.

ತಿಂಗಳುಗಟ್ಟಲೆ ತೇವದಲ್ಲಿ ನಿಂತ ಕಾರುಗಳಲ್ಲಿ ಒಂದೇ ಸಮನೆ ಉರಿಯುವ ಲಕ್ಷಣವೇ ಹೆಚ್ಚು, ಏಕೆಂದರೆ ಪಾಯಿಂಟಿನ ಎರಡು ಮುಖಗಳ ಮೇಲೂ ಕಣ್ಣಿಗೆ ಕಾಣದಷ್ಟು ತೆಳುವಾದ ಕಿಲುಬಿನ ಪದರ ಕೂತಿರುತ್ತದೆ. ಪಾಯಿಂಟ್ ಫೈಲ್‌ನಿಂದ ಅಥವಾ ನಯವಾದ ಎಮರಿ ಕಾಗದದಿಂದ ಎರಡು ಬಾರಿ ಉಜ್ಜಿ, ಸ್ವಚ್ಛವಾದ ಬಿಳಿ ಕಾಗದದ ತುಂಡನ್ನು ನಡುವೆ ಎಳೆದು ಪುಡಿ ತೆಗೆದು, ಫೀಲರ್ ಗೇಜ್‌ನಿಂದ ಅಂತರವನ್ನು 0.4ರಿಂದ 0.5 ಮಿ.ಮೀ.ಗೆ ಸರಿಮಾಡಿ. ಪಾಯಿಂಟಿನ ಒಂದು ಮುಖದಲ್ಲಿ ಗುಳಿ, ಇನ್ನೊಂದರಲ್ಲಿ ಗುಬ್ಬಿ ಎದ್ದಿದ್ದರೆ ಕಂಡೆನ್ಸರ್ ಮೇಲೂ ಸಂಶಯಪಡಬೇಕು. ಅದು ಅಗ್ಗದ ವಸ್ತು, ಪಾಯಿಂಟ್ ಜೊತೆಗೇ ಬದಲಿಸಬಹುದು. ಕಾಯಿಲ್ ಮಾತ್ರ ಅಷ್ಟು ಸುಲಭವಾಗಿ ಕೆಡುವ ವಸ್ತುವಲ್ಲ. ಮಲ್ಟಿಮೀಟರ್‌ನಲ್ಲಿ ಅದರ ಪ್ಲಸ್ ಮತ್ತು ಮೈನಸ್ ನಡುವೆ ಕೆಲವೇ ಓಮ್, ನಡುವಿನ ಕತ್ತಿಗೂ ಪ್ಲಸ್‌ಗೂ ನಡುವೆ ಹಲವು ಸಾವಿರ ಓಮ್ ತೋರಿಸಿದರೆ, ಅದನ್ನು ಬದಲಿಸುವ ಮೊದಲು ಬೇರೆಲ್ಲವನ್ನೂ ನೋಡಿ. ಎಲೆಕ್ಟ್ರಾನಿಕ್ ವ್ಯವಸ್ಥೆಯ ಡೆಲ್ಕೊ ಆಗಿದ್ದರೆ ಕಾಯಿಲ್ ಅಥವಾ ಪ್ಲಗ್ ವೈರನ್ನು ಎಲ್ಲಿಯೂ ತಾಗಿಸದೆ ತೂಗುಬಿಟ್ಟು ಸೆಲ್ಫ್ ಹೊಡೆಯಬೇಡಿ, ಪಾಯಿಂಟಿನ ಬದಲು ಕೆಲಸ ಮಾಡುವ ಇಗ್ನೈಟರ್ ಸುಡಬಹುದು. ಅದರೊಳಗಿನ ಪರೀಕ್ಷೆಯನ್ನು ಅನುಭವಿ ಎಲೆಕ್ಟ್ರಿಷಿಯನ್‌ಗೆ ಬಿಡುವುದು ಒಳ್ಳೆಯದು.

ಕಿಡಿ ಚೆನ್ನಾಗಿದೆ ಎಂದು ಖಚಿತವಾದ ಮೇಲೆ ಇಂಧನದ ಕಡೆಗೆ ಬನ್ನಿ. ಉತ್ತರ ಇಲ್ಲೇ ಸಿಗುತ್ತದೆಂದು ನನ್ನ ಅನಿಸಿಕೆ. ಬಿಚ್ಚಿದ ಪ್ಲಗ್ಗುಗಳನ್ನೇ ಮೊದಲು ನೋಡಿ: ಚೋಕ್ ಎಳೆದು ಸೆಲ್ಫ್ ಹೊಡೆದ ಮೇಲೂ ಅವುಗಳ ಮೂತಿ ಒಣಗಿದ್ದರೆ ಸಿಲಿಂಡರಿಗೆ ಪೆಟ್ರೋಲ್ ಬಂದಿಲ್ಲ. ಆಮೇಲೆ ಕಾರ್ಬುರೇಟರ್‌ನ ಬೌಲ್ ಮೇಲಿರುವ ಗುಂಡನೆಯ ಪುಟ್ಟ ಗಾಜಿಗೆ ಟಾರ್ಚ್ ಬಿಡಿ. ಈ ಕಾರಿನ ಕಾರ್ಬುರೇಟರ್‌ನಲ್ಲಿ ಪೆಟ್ರೋಲಿನ ಮಟ್ಟವನ್ನು ಹೊರಗಿನಿಂದಲೇ ನೋಡಲು ಕೊಟ್ಟಿರುವ ಕಿಟಕಿ ಅದು, ಮಟ್ಟ ಹೆಚ್ಚುಕಡಿಮೆ ಗಾಜಿನ ನಡುವಿನ ಗುರುತಿನಲ್ಲಿ ನಿಲ್ಲಬೇಕು. ಎಷ್ಟೋ ವರ್ಷದ ಧೂಳು ಮತ್ತು ಎಣ್ಣೆಯ ಕೆಳಗೆ ಅದು ಹುದುಗಿಹೋಗಿರುವುದರಿಂದ ಹಲವರು ಗಮನಿಸುವುದೇ ಇಲ್ಲ. ಬಟ್ಟೆಯಿಂದ ಒರೆಸಿ, ಕಾರನ್ನು ಪಕ್ಕದಿಂದ ಸ್ವಲ್ಪ ಅಲ್ಲಾಡಿಸಿದರೆ ಒಳಗೆ ಪೆಟ್ರೋಲ್ ತುಳುಕುವುದು ಕಾಣುತ್ತದೆ. ತುಳುಕಾಟವೇ ಇಲ್ಲದಿದ್ದರೆ ಬೌಲ್ ಖಾಲಿಯಿದೆ ಎಂದರ್ಥ. ಬೌಲ್ ಖಾಲಿಯಿದ್ದರೆ ದೋಷ ಕಾರ್ಬುರೇಟರ್‌ಗಿಂತ ಹಿಂದೆ, ಟ್ಯಾಂಕ್, ಪೈಪು ಅಥವಾ ಪಂಪಿನಲ್ಲಿದೆ, ಇಲ್ಲವೇ ಬೌಲ್‌ಗೆ ಪೆಟ್ರೋಲ್ ಬರುವ ಬಾಗಿಲನ್ನು ತೆರೆದು ಮುಚ್ಚುವ ಸೂಜಿ ಅಂಟಿಕೊಂಡಿದೆ. ಬೌಲ್ ತುಂಬಿದ್ದೂ ಪ್ಲಗ್ ಒಣಗಿದ್ದರೆ ಜೆಟ್‌ಗಳು (ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ಬಿಡಿಭಾಗಗಳು) ಕಟ್ಟಿವೆ, ಅಥವಾ ಕಾರ್ಬುರೇಟರ್ ಮೇಲೆ ವೈರು ಸಿಕ್ಕಿಸಿರುವ, ವಿದ್ಯುತ್ತಿನಿಂದ ತೆರೆಯುವ ಸೊಲೆನಾಯ್ಡ್ ತೆರೆಯುತ್ತಿಲ್ಲ.

ಬೌಲ್ ಖಾಲಿಯೆಂದು ಕಂಡರೆ ಪಂಪಿನ ಪರೀಕ್ಷೆ ಮಾಡಬೇಕು. ಶೆಡ್ಡಿನ ಒಳಗೆ ಬೇಡ, ಕಾರನ್ನು ತಳ್ಳಿಕೊಂಡು ಬಯಲಿಗೆ ತನ್ನಿ. ಬೀಡಿ, ಒಲೆ, ಗ್ಯಾಸ್ ಯಾವುದೂ ಹತ್ತಿರ ಇರಬಾರದು. ಎರಡು ಬಕೆಟ್ ಮರಳು ಪಕ್ಕದಲ್ಲಿರಲಿ, ಏಕೆಂದರೆ ಪೆಟ್ರೋಲ್ ಬೆಂಕಿಗೆ ನೀರು ಸುರಿದರೆ ಬೆಂಕಿ ಹರಡುತ್ತದೆ. ಕಾಯಿಲ್‌ನ ಪ್ಲಸ್ ವೈರನ್ನು ತೆಗೆದಿಟ್ಟು, ಕಿಡಿ ಹಾರುವುದನ್ನು ಪೂರ್ಣವಾಗಿ ನಿಲ್ಲಿಸಿ. ಆಮೇಲೆ ಪಂಪಿನಿಂದ ಕಾರ್ಬುರೇಟರ್‌ಗೆ ಬರುವ ರಬ್ಬರ್ ಪೈಪನ್ನು ಕಾರ್ಬುರೇಟರ್ ತುದಿಯಲ್ಲಿ ಬಿಡಿಸಿ ಗಾಜಿನ ಬಾಟಲಿಯೊಳಗೆ ಇಳಿಬಿಟ್ಟು ಸೆಲ್ಫ್ ಹೊಡೆಸಿ. ಈ ಪಂಪಿನ ಜೊತೆಗೆ ಟ್ಯಾಂಕಿಗೆ ಮರಳುವ ಪೈಪೂ ಇರುವುದರಿಂದ, ಬಿಡಿಸುವ ಮುನ್ನ ಯಾವುದು ಯಾವುದೆಂದು ಬಣ್ಣದ ದಾರ ಕಟ್ಟಿಕೊಳ್ಳಿ. ಅದಲುಬದಲಾದರೆ ಒಳ್ಳೆಯ ಪಂಪೂ ಕೆಟ್ಟಂತೆ ಕಾಣುತ್ತದೆ. ಸೆಲ್ಫ್ ಹೊಡೆದಂತೆಲ್ಲ ಪೆಟ್ರೋಲ್ ಚಿಮ್ಮಿ ಚಿಮ್ಮಿ ಬರಬೇಕು. ಪೈಪುಗಳು ಒಣಗಿರುವುದರಿಂದ ಮೊದಲ ಒಂದೆರಡು ಸರದಿಯಲ್ಲಿ ಬರದಿರಬಹುದು, ಅವಸರಪಡಬೇಡಿ.

ಬರಲೇ ಇಲ್ಲವೆಂದರೂ ಪಂಪನ್ನೇ ದೂರಬೇಡಿ. ಪಂಪಿನ ಒಳಬರುವ ಪೈಪನ್ನು ಬಿಡಿಸಿ, ಅದರ ಜಾಗಕ್ಕೆ ಹೊಸ ರಬ್ಬರ್ ಪೈಪಿನ ತುಂಡು ಸಿಕ್ಕಿಸಿ, ಇನ್ನೊಂದು ತುದಿಯನ್ನು ಹೊಸ ಪೆಟ್ರೋಲ್ ಇರುವ ಸಣ್ಣ ಕ್ಯಾನಿನಲ್ಲಿ ಮುಳುಗಿಸಿ ಮತ್ತೆ ಸೆಲ್ಫ್ ಹೊಡೆಸಿ. ಈಗ ಪಂಪ್ ಎಳೆದು ಚಿಮ್ಮಿದರೆ ಪಂಪ್ ನಿರಪರಾಧಿ. ಟ್ಯಾಂಕಿನಿಂದ ಬರುವ ದಾರಿಯಲ್ಲಿ ಫಿಲ್ಟರ್ ಕಟ್ಟಿದೆ, ಅಥವಾ ಬಿರಿದ ರಬ್ಬರ್ ಪೈಪು ಪೆಟ್ರೋಲಿನ ಬದಲು ಗಾಳಿಯನ್ನು ಎಳೆಯುತ್ತಿದೆ. ಎಳೆಯುವ ಕಡೆಯ ಪೈಪಿನ ಬಿರುಕಿನಿಂದ ಪೆಟ್ರೋಲ್ ಹೊರಗೆ ಸೋರದಿರಬಹುದು, ಆದ್ದರಿಂದ ಒದ್ದೆ ಕಾಣಲಿಲ್ಲವೆಂದು ಅದನ್ನು ಸರಿಯಿದೆ ಎಂದುಕೊಳ್ಳಬಾರದು. ಬಗ್ಗಿಸಿ ನೋಡಿದರೆ ಮೇಲ್ಮೈ ಒಡೆದಿರುವುದು ಗೊತ್ತಾಗುತ್ತದೆ. ಟ್ಯಾಂಕಿನ ಮುಳ್ಳನ್ನೂ ನಂಬಬೇಡಿ, ಹಳೆಯ ಕಾರಿನಲ್ಲಿ ಅದು ಒಂದೇ ಕಡೆ ಅಂಟಿಕೊಂಡಿರುವುದುಂಟು. ಕ್ಯಾನಿನಿಂದಲೂ ಪಂಪ್ ಎಳೆಯದಿದ್ದರೆ ಮಾತ್ರ ಅದರ ಡಯಾಫ್ರಂ (ಒಳಗಿನ ರಬ್ಬರ್ ಪೊರೆ) ಹರಿದಿದೆ ಅಥವಾ ವಾಲ್ವ್ ಅಂಟಿದೆ. ಡಯಾಫ್ರಂ ಹರಿದಾಗ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಇಳಿಯುವ ಸಂಭವವಿದೆ. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ: ಪೆಟ್ರೋಲ್ ವಾಸನೆ ಬಂದು, ಆಯಿಲ್ ಮಟ್ಟ ಮೇಲಿನ ಗುರುತನ್ನು ದಾಟಿದ್ದರೆ, ಪಂಪ್ ಜೊತೆಗೆ ಆಯಿಲನ್ನೂ ಬದಲಿಸದೆ ಎಂಜಿನ್ ಓಡಿಸಬಾರದು.

ಬಾಟಲಿಗೆ ಬಂದ ಪೆಟ್ರೋಲನ್ನು ಚೆಲ್ಲಬೇಡಿ. ಕಾಲು ಗಂಟೆ ಅಲ್ಲಾಡಿಸದೆ ಇಟ್ಟು ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ಬೇರೆಯೇ ಒಂದು ಪದರ ನಿಂತಿದ್ದರೆ, ಎರಡರ ನಡುವೆ ಸ್ಪಷ್ಟವಾದ ಗೆರೆ ಕಂಡರೆ, ನೀರು ಸೇರಿದೆ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಇ20 ಪೆಟ್ರೋಲ್ ಬಿಡುಗಡೆಯಾಯಿತು, ಅಲ್ಲಿಂದ ಮುಂದೆ ಅದು ದೇಶದ ಬಂಕುಗಳಿಗೆಲ್ಲ ಹರಡಿದೆ. ಅದರಲ್ಲಿ ನೂರಕ್ಕೆ 20 ಪಾಲು ಎಥೆನಾಲ್ ಇರುತ್ತದೆ. ಎಥೆನಾಲ್ ನೀರನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ, ಮಿತಿ ಮೀರಿದಾಗ ನೀರೂ ಎಥೆನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಪಂಪ್ ಎಳೆಯುವುದು ತಳದಿಂದಲೇ. ಗಾಳಿಯ ತೇವವೊಂದರಿಂದಲೇ ಇಷ್ಟಾಗುವುದು ಕಡಿಮೆ. ಟ್ಯಾಂಕ್ ಮುಚ್ಚಳದ ರಬ್ಬರ್ ಹಾಳಾಗಿ ಮಳೆನೀರು ಇಳಿದಿದ್ದರೆ ಖಂಡಿತ ಆಗುತ್ತದೆ. ಮುಚ್ಚಳವನ್ನು ತೆಗೆದು ಆ ರಬ್ಬರ್ ಉಂಗುರವನ್ನು ಪರಿಶೀಲಿಸಿ. 1996ರಲ್ಲಿ ತಯಾರಾದ ರಬ್ಬರ್ ಪೈಪು, ಡಯಾಫ್ರಂ, ಸೀಲುಗಳನ್ನು ಇಷ್ಟು ಎಥೆನಾಲಿಗಾಗಿ ರೂಪಿಸಿರಲಿಲ್ಲ ಎಂಬುದೂ ನೆನಪಿರಲಿ: ಅವು ಉಬ್ಬುತ್ತವೆ, ಮೆತ್ತಗಾಗುತ್ತವೆ, ಒಳಗಿನಿಂದ ಪುಡಿಯುದುರಿ ಜೆಟ್‌ಗೆ ಸೇರುತ್ತವೆ. ಬದಲಿಸುವಾಗ ಎಥೆನಾಲ್ ಮಿಶ್ರಿತ ಪೆಟ್ರೋಲಿಗೆ ಒಗ್ಗುವ ಪೈಪನ್ನೇ ಕೇಳಿ ಪಡೆಯಿರಿ.

ಪದರ ಕಾಣದಿದ್ದರೂ ವಾಸನೆ ನೋಡಿ. ತಿಂಗಳುಗಟ್ಟಲೆ ನಿಂತ ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಹಗುರ ಅಂಶಗಳು ಹಾರಿಹೋಗಿರುತ್ತವೆ. ತಣ್ಣಗಿರುವ ಎಂಜಿನ್ ಹೊತ್ತಿಕೊಳ್ಳಲು ಬೇಕಾದದ್ದು ಆ ಅಂಶಗಳೇ. ಮೂಗಿಗೆ ಚುರುಕಾಗಿ ತಾಗುವ ಬದಲು ವಾರ್ನಿಷ್‌ನಂತೆ ಮಂಕಾಗಿ ನಾರುತ್ತಿದ್ದರೆ ಅದನ್ನು ಪೂರ್ತಿ ತೆಗೆಸಿ, ಹೊಸದಾಗಿ ನಾಲ್ಕೈದು ಲೀಟರ್ ಹಾಕಿ, ಫಿಲ್ಟರ್ ಬದಲಿಸಿ. ತೆಗೆದ ಪೆಟ್ರೋಲನ್ನು ತೋಟಕ್ಕಾಗಲಿ ಚರಂಡಿಗಾಗಲಿ ಸುರಿಯಬೇಡಿ, ನಿಮ್ಮ ಬಾವಿಯ ನೀರಿಗೆ ಅದು ಇಳಿಯುತ್ತದೆ. ಮುಚ್ಚಳವಿರುವ ಲೋಹದ ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಒಪ್ಪಿಸಿ.

ಪಂಪ್ ಚಿಮ್ಮುತ್ತಿದೆ, ಪೆಟ್ರೋಲೂ ಒಳ್ಳೆಯದಿದೆ, ಆದರೂ ಬೌಲ್ ತುಂಬುತ್ತಿಲ್ಲ ಎಂದಾದರೆ ಬೌಲ್‌ನ ಸೂಜಿ ಅಂಟಿಕೊಂಡಿದೆ. ಪೆಟ್ರೋಲ್ ಒಣಗಿದಾಗ ಉಳಿಯುವ ಅಂಟು ಅದನ್ನು ಮುಚ್ಚಿದ ಸ್ಥಿತಿಯಲ್ಲೇ ಹಿಡಿದಿಟ್ಟಿರುತ್ತದೆ. ಸ್ಕ್ರೂಡ್ರೈವರ್ ಹಿಡಿಯ ಮರದ ತುದಿಯಿಂದ ಬೌಲ್ ಮೇಲೆ ಮೆಲ್ಲಗೆ ನಾಲ್ಕು ಬಾರಿ ತಟ್ಟಿದರೆ ಕೆಲವೊಮ್ಮೆ ಬಿಡಿಸಿಕೊಳ್ಳುತ್ತದೆ. ಬಿಡದಿದ್ದರೆ ಕಾರ್ಬುರೇಟರ್ ಇಳಿಸಿ, ಕ್ಲೀನರ್ ಹಾಕಿ ತೊಳೆದು, ಜೆಟ್‌ಗಳನ್ನು ಗಾಳಿಯಿಂದ ಊದಿ, ರಿಪೇರಿ ಕಿಟ್ ಹಾಕಿಸಬೇಕು. ತಂತಿ ತೂರಿಸಿ ಜೆಟ್ ಬಿಡಿಸಲು ಬಿಡಬೇಡಿ. ಹಿತ್ತಾಳೆಯ ರಂಧ್ರ ಒಮ್ಮೆ ಅಗಲವಾದರೆ ಆ ಕಾರ್ಬುರೇಟರ್ ಎಂದಿಗೂ ಸರಿಯಾಗಿ ಹೊಂದುವುದಿಲ್ಲ. ಇಷ್ಟೆಲ್ಲ ಆದರೂ ಇದು ತೊಳೆಯುವ ಕೆಲಸ, ಬದಲಿಸುವ ಕೆಲಸವಲ್ಲ.

ಪಕ್ಕದ ಮನೆಯವರ ಸಲಹೆಯ ಬಗ್ಗೆ ಸ್ಪಷ್ಟವಾಗಿ ಹೇಳಬೇಕು: ತೆರೆದ ಕಾರ್ಬುರೇಟರ್ ಬಾಯಿಗೆ ಪೆಟ್ರೋಲ್ ಸುರಿದು ಯಾರೂ ಸೆಲ್ಫ್ ಹೊಡೆಯಬಾರದು. ಟೈಮಿಂಗ್ ತಪ್ಪಿದ್ದರೆ ಅಥವಾ ಪ್ಲಗ್ ವೈರು ಅದಲುಬದಲಾಗಿದ್ದರೆ ಬೆಂಕಿ ಕಾರ್ಬುರೇಟರ್ ಮೂಲಕ ಮೇಲಕ್ಕೆ ಚಿಮ್ಮುತ್ತದೆ, ಮೇಲೆ ಬಗ್ಗಿ ನಿಂತವರ ಮುಖಕ್ಕೇ ಅದು ತಾಗುತ್ತದೆ. ಆ ಪರೀಕ್ಷೆಯ ಉದ್ದೇಶ ಸರಿಯಾದದ್ದೇ, ಅದಕ್ಕೆ ಸುರಕ್ಷಿತ ದಾರಿಯೂ ಇದೆ. ಪ್ಲಗ್ಗುಗಳನ್ನು ಬಿಚ್ಚಿದಾಗ ಪ್ರತಿ ಸಿಲಿಂಡರಿಗೆ ಸಿರಿಂಜಿನಿಂದ ಅರ್ಧ ಚಮಚ ಹೊಸ ಪೆಟ್ರೋಲ್ ಬಿಟ್ಟು, ಪ್ಲಗ್ಗುಗಳನ್ನು ಬಿಗಿದು, ವೈರು ಸಿಕ್ಕಿಸಿ, ಏರ್ ಫಿಲ್ಟರ್ ಡಬ್ಬಿಯನ್ನು ಮುಚ್ಚಿ, ಪೆಟ್ರೋಲ್ ಪಾತ್ರೆಯನ್ನು ದೂರ ಇಟ್ಟು, ಚೆಲ್ಲಿದ್ದನ್ನು ಒರೆಸಿ, ಆಮೇಲೆ ಸೆಲ್ಫ್ ಹೊಡೆಯಿರಿ. ಎಂಜಿನ್ ಎರಡು ಮೂರು ಸೆಕೆಂಡು ಓಡಿ ನಿಂತರೆ ಕಿಡಿ, ಟೈಮಿಂಗ್, ಒತ್ತಡ ಮೂರೂ ಕೆಲಸ ಮಾಡುವಷ್ಟು ಸರಿಯಾಗಿವೆ, ದೋಷ ಇಂಧನ ಬರುವ ದಾರಿಯಲ್ಲಿದೆ ಎಂದು ನಿಶ್ಚಯವಾಗಿ ಹೇಳಬಹುದು.

ಪ್ಲಗ್ಗುಗಳು ಒಣಗಿರುವ ಬದಲು ಪೆಟ್ರೋಲಿನಲ್ಲಿ ತೊಯ್ದಿದ್ದರೆ ಪರಿಸ್ಥಿತಿ ತದ್ವಿರುದ್ಧ. ಆಗ ಚೋಕನ್ನು ಪೂರ್ತಿ ಒಳಗೆ ತಳ್ಳಿ, ಆಕ್ಸಿಲರೇಟರ್ ಪೆಡಲನ್ನು ಪಂಪ್ ಮಾಡದೆ ತಳದವರೆಗೆ ಒತ್ತಿ ಹಿಡಿದು 7–8 ಸೆಕೆಂಡು ಸೆಲ್ಫ್ ಹೊಡೆದರೆ ಹೆಚ್ಚಾದ ಪೆಟ್ರೋಲ್ ಹೊರಹೋಗುತ್ತದೆ. ಪ್ಲಗ್ಗುಗಳನ್ನು ಒಣಗಿಸಿ ಹಾಕಿ. ಪದೇ ಪದೇ ತೊಯ್ದ ಸಿಲಿಂಡರಿನ ಗೋಡೆಯ ಮೇಲಿನ ಆಯಿಲ್ ತೊಳೆದುಹೋಗಿ ಒತ್ತಡ ಕುಸಿದಿರುತ್ತದೆ, ಅದಕ್ಕೆ ಪ್ಲಗ್ ತೂತಿನಿಂದ ತಲಾ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಕೆಲವು ಸುತ್ತು ತಿರುಗಿಸಿದರೆ ಒತ್ತಡ ಮರಳುತ್ತದೆ.

ಕಿಡಿಯೂ ಪೆಟ್ರೋಲೂ ಸರಿಯಿದ್ದು ಎಂಜಿನ್ ಹಿಡಿಯದಿದ್ದರೆ ಮಾತ್ರ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ತರಿಸಿ. ಪ್ಲಗ್ಗುಗಳನ್ನೆಲ್ಲ ತೆಗೆದು, ಪೆಡಲ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದಾಗ ಪ್ರತಿ ಸಿಲಿಂಡರಿನಲ್ಲೂ 150 ಪಿಎಸ್ಐ ಆಸುಪಾಸು ಬಂದರೆ ಚೆನ್ನ. ಮೂರೂ 100ಕ್ಕಿಂತ ಕೆಳಗಿದ್ದರೆ ಬೆಲ್ಟ್ ಹಲ್ಲು ಜಾರಿ ಟೈಮಿಂಗ್ ತಪ್ಪಿದೆಯೇ ಎಂದು ಮೊದಲು ನೋಡಿಸಿ, ನಂತರ ವಾಲ್ವ್ ಮತ್ತು ರಿಂಗಿನ ಮಾತು. ನಿಂತ ಕಾರಿನಲ್ಲಿ ಒಂದು ವಾಲ್ವ್ ತುಕ್ಕಿನಿಂದ ತೆರೆದೇ ಉಳಿದಿರುವುದೂ ಉಂಟು, ಆಗ ಆ ಒಂದು ಸಿಲಿಂಡರಿನಲ್ಲಿ ಮಾತ್ರ ಒತ್ತಡ ಇರುವುದಿಲ್ಲ.

ಇದೇ ಪ್ರಶ್ನೆ ಇರುವ, ಆದರೆ 2000ದ ನಂತರದ ಎಂಪಿಎಫ್ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಚಿಮ್ಮಿಸುವ) ಮಾದರಿಯ 800 ಹೊಂದಿರುವವರಿಗೆ ಒಂದು ಮಾತು: ನಿಮ್ಮ ಕಾರಿನಲ್ಲಿ ಪಂಪ್ ಟ್ಯಾಂಕಿನೊಳಗಿದ್ದು ವಿದ್ಯುತ್ತಿನಿಂದ ನಡೆಯುತ್ತದೆ. ಕೀಲಿ ಆನ್ ಮಾಡಿದ ಕೂಡಲೇ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡು ಮೆಲುವಾದ ಗುಂಯ್ ಸದ್ದು ಕೇಳದಿದ್ದರೆ ಫ್ಯೂಸ್, ರಿಲೇ, ಪಂಪ್ ಈ ಸರದಿಯಲ್ಲಿ ನೋಡಿಸಿ. ಅಲ್ಲಿನ ಪೆಟ್ರೋಲ್ ಪೈಪಿನಲ್ಲಿ ಒತ್ತಡ ಹೆಚ್ಚಿರುವುದರಿಂದ ಮೇಲೆ ಹೇಳಿದಂತೆ ಪೈಪು ಬಿಡಿಸಿ ಬಾಟಲಿಗೆ ಹಿಡಿಯುವ ಪರೀಕ್ಷೆಯನ್ನು ಮನೆಯಲ್ಲಿ ಮಾಡಬೇಡಿ.

ಇನ್ನು ನಿಮ್ಮ ಮೆಕ್ಯಾನಿಕ್‌ಗೆ ಏನು ಹೇಳಬೇಕು ಎಂಬುದು. ಮೈನಸ್ ತುದಿಯಲ್ಲಿ ಲ್ಯಾಂಪ್ ಮಿನುಗಿ, ಕಂಡೆನ್ಸರ್ ಮತ್ತು ನಡುವಿನ ವೈರು ಬದಲಿಸಿದ ಮೇಲೂ ಕಾಯಿಲ್‌ನಿಂದ ಕಿಡಿ ಬರದಿದ್ದರೆ ಕಾಯಿಲ್ ಬದಲಿಸಲಿ. ಹೊಸ ಪೈಪಿನಲ್ಲಿ ಕ್ಯಾನಿನಿಂದಲೂ ಎಳೆಯದಿದ್ದರೆ, ಅಥವಾ ಆಯಿಲ್‌ನಲ್ಲಿ ಪೆಟ್ರೋಲ್ ಸೇರಿದ್ದರೆ ಪಂಪ್ ಬದಲಿಸಲಿ. ತೊಳೆದು ಕಿಟ್ ಹಾಕಿದ ಮೇಲೂ ಹೊಂದದಿದ್ದರೆ, ಅಥವಾ ಥ್ರಾಟಲ್ ಶಾಫ್ಟ್ ಸವೆದು ಅಲ್ಲಾಡುತ್ತಿದ್ದರೆ ಕಾರ್ಬುರೇಟರ್ ಬದಲಿಸಲಿ. ಈ ಪರೀಕ್ಷೆಗಳನ್ನು ನಿಮ್ಮೆದುರೇ ಮಾಡಿ ತೋರಿಸಲು ಕೇಳಿ. ಕೆಲಸ ಬಲ್ಲ ಮೆಕ್ಯಾನಿಕ್ ಇದಕ್ಕೆ ಬೇಸರಪಡುವುದಿಲ್ಲ. ಓಮ್ನಿ ವ್ಯಾನಿನಲ್ಲಿಯೂ ಇದೇ 796 ಸಿಸಿ ಎಂಜಿನ್ ಇದ್ದುದರಿಂದ ಬಿಡಿಭಾಗಗಳು ಶಿವಮೊಗ್ಗದಂತಹ ಊರುಗಳ ಅಂಗಡಿಗಳಲ್ಲಿ ಈಗಲೂ ಸಿಗುತ್ತವೆ. ಆದರೆ ಹಳೆಯ ಭಾಗವನ್ನು ಕೈಯಲ್ಲಿ ಹಿಡಿದು ಹೋಗಿ, ಹೊಸದನ್ನು ಪಕ್ಕದಲ್ಲಿಟ್ಟು ಪೈಪಿನ ಮೂತಿಗಳ ಸಂಖ್ಯೆ, ಬೋಲ್ಟಿನ ಅಂತರ, ಲಿವರಿನ ಉದ್ದ ಮೂರನ್ನೂ ಹೋಲಿಸಿ ನೋಡಿಯೇ ಕೊಳ್ಳಿ.